ಫೆರೈಟ್ ಅನ್ನೋ ಕಪ್ಪು ಕಲ್ಲು ಏನು ಕೆಲಸ ಮಾಡುತ್ತೆ?

ಮೊಬೈಲ್ ಚಾರ್ಜರ್ ಒಂದನ್ನ ಬಿಚ್ಚಿ ನೋಡಿದ್ರೆ ಒಳಗಡೆ ಹಳದಿ ಟೇಪ್ ಸುತ್ತಿರೋ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತೆ, ಆ ಟೇಪಿನ ಮೇಲೂ ಕೆಳಗೂ ಕಪ್ಪಗೆ ಬೂದು ಬಣ್ಣದ ಕಲ್ಲಿನ ಥರ ಏನೋ ಅಪ್ಪಿಕೊಂಡು ಕೂತಿರುತ್ತೆ. ನೋಡೋಕೆ ಲೋಹ ಅನ್ಸುತ್ತೆ, ಆದ್ರೆ ಕೈ ಜಾರಿ ಕೆಳಗೆ ಬಿದ್ರೆ ಬಗ್ಗಲ್ಲ, ಪಿಂಗಾಣಿ ಬಟ್ಟಲು ಒಡೆದಂಗೆ ಟಣ್ ಅಂತ ಎರಡು ಚೂರಾಗುತ್ತೆ. ಆಯಸ್ಕಾಂತ ಹಿಡಿದ್ರೆ ಮಾತ್ರ ಪಟ್ ಅಂತ ಅಂಟಿಕೊಳ್ಳುತ್ತೆ. ಅದೇ ಫೆರೈಟ್. ಲ್ಯಾಪ್‌ಟಾಪ್ ಕೇಬಲ್ಲಿನ ತುದಿಯಲ್ಲಿ ಇರೋ ಗಂಟು, ಹಳೇ ರೇಡಿಯೋ ಒಳಗಿನ ಕಪ್ಪು ಕಡ್ಡಿ, ಸ್ಪೀಕರ್ ಹಿಂದಿನ ದಪ್ಪ ಬಳೆ, ಎಲ್ಲಾ ಇದೇ ಕುಟುಂಬದ್ದು. ಎಲೆಕ್ಟ್ರಾನಿಕ್ಸ್ ಕಲಿಯೋರು ಟ್ರಾನ್ಸಿಸ್ಟರ್ ಬಗ್ಗೆ, ಐಸಿ ಬಗ್ಗೆ ತುಂಬಾ ಓದ್ತಾರೆ, ಇದರ ಬಗ್ಗೆ ಮಾತ್ರ ಒಂದು ಸಾಲು ಓದಿ ಮುಂದೆ ಹೋಗಿಬಿಡ್ತಾರೆ, ನನಗೆ ಅದು ತುಂಬಾ ಬೇಜಾರಿನ ವಿಷಯ, ಯಾಕಂದ್ರೆ ಈ ಕಲ್ಲು ಅರ್ಥ ಆದ್ರೆ ಪವರ್ ಸಪ್ಲೈ ಅರ್ಧ ಅರ್ಥ ಆದಂಗೆ.

ಮೊದಲು ಇದು ಯಾವುದರಿಂದ ಆಗಿದೆ ಅಂತ ನೋಡೋಣ. ಮುಖ್ಯ ಸರಕು ಐರನ್ ಆಕ್ಸೈಡ್, ಅಂದ್ರೆ ನಮಗೆಲ್ಲ ಗೊತ್ತಿರೋ ತುಕ್ಕಿನ ಜಾತಿಯ ಕೆಂಪು ಪುಡಿ. ಅದಕ್ಕೆ ಮ್ಯಾಂಗನೀಸ್, ಸತು, ನಿಕಲ್ ಇಂಥ ಲೋಹಗಳ ಆಕ್ಸೈಡನ್ನ ಅಳತೆ ಪ್ರಕಾರ ಬೆರೆಸಿ, ಒಂದು ಸಲ ಸುಟ್ಟು, ಮತ್ತೆ ನುಣ್ಣಗೆ ಅರೆದು, ಅಚ್ಚಿಗೆ ಹಾಕಿ ಒತ್ತಿ, ಆಮೇಲೆ 1200ರಿಂದ 1400 ಡಿಗ್ರಿ ಸೆಲ್ಸಿಯಸ್ ತನಕ ಬಿಸಿ ಇರೋ ಕುಲುಮೆಯಲ್ಲಿ ಬೇಯಿಸ್ತಾರೆ. ಕುಂಬಾರ ಮಡಕೆ ಸುಡೋ ರೀತಿನೇ, ಬೆಂದಾಗ ಕುಗ್ಗೋದೂ ಹಂಗೇ, ಉದ್ದ ಅಗಲ ಎಲ್ಲ ನೂರಕ್ಕೆ ಹತ್ತು ಹದಿನೈದರಷ್ಟು ಕಮ್ಮಿ ಆಗುತ್ತೆ. ಹಾಗಾಗಿ ಫೆರೈಟ್ ಅಂದ್ರೆ ಲೋಹ ಅಲ್ಲ, ಸೆರಾಮಿಕ್. ಇಡೀ ವಿಷಯದ ಗುಟ್ಟು ಇಲ್ಲೇ ಇರೋದು: ಕಬ್ಬಿಣದ ಥರ ಕಾಂತತ್ವವನ್ನ ಬರಮಾಡಿಕೊಳ್ಳುತ್ತೆ, ಪಿಂಗಾಣಿ ಥರ ಕರೆಂಟನ್ನ ತಡೆಯುತ್ತೆ. ಈ ಎರಡೂ ಗುಣ ಒಂದೇ ವಸ್ತುವಲ್ಲಿ ಸಿಗೋದು ಅಪರೂಪ.

ಕರೆಂಟ್ ತಡೆಯೋದು ಯಾಕೆ ಅಷ್ಟು ಮುಖ್ಯ? ಟ್ರಾನ್ಸ್‌ಫಾರ್ಮರಿನ ಕೋರ್, ಅಂದ್ರೆ ತಂತಿ ಸುತ್ತಿರೋ ನಡುವಿನ ಗಡ್ಡೆ, ಅದರ ಒಳಗೆ ಕಾಂತಕ್ಷೇತ್ರ ಒಂದೇ ಸಮ ಇರಲ್ಲ, ಆ ಕಡೆ ಈ ಕಡೆ ತಿರುಗ್ತಾನೇ ಇರುತ್ತೆ. ಹಂಗೆ ಬದಲಾಗೋ ಕ್ಷೇತ್ರ ಪಕ್ಕದ ತಂತಿಯಲ್ಲಿ ಹೇಗೆ ವೋಲ್ಟೇಜ್ ಹುಟ್ಟಿಸುತ್ತೋ ಕೋರ್ ಒಳಗೂ ಹಾಗೇ ಹುಟ್ಟಿಸುತ್ತೆ, ಕೋರ್ ಲೋಹ ಆಗಿದ್ರೆ ಅದರೊಳಗೆ ಕರೆಂಟು ಸುಳಿ ಸುಳಿಯಾಗಿ ಸುತ್ತೋಕೆ ಶುರು ಮಾಡುತ್ತೆ. ಎಡ್ಡಿ ಕರೆಂಟ್ ಅನ್ನೋದು ಇದನ್ನೇ, ನೀರಿನ ಸುಳಿ ಇದ್ದಂಗೆ. ಅದರಿಂದ ಪ್ರಯೋಜನ ಏನಿಲ್ಲ, ಬರೀ ಬಿಸಿ. 50 ಹರ್ಟ್ಜ್ ಟ್ರಾನ್ಸ್‌ಫಾರ್ಮರಲ್ಲಿ ಕಬ್ಬಿಣವನ್ನ ಅರ್ಧ ಮಿಲಿಮೀಟರಿನಷ್ಟು ತೆಳ್ಳಗಿನ ತಗಡು ಮಾಡಿ, ಒಂದರ ಮೇಲೊಂದು ಜೋಡಿಸಿ, ನಡುವೆ ಇನ್ಸುಲೇಶನ್ ಕೊಟ್ಟು ಈ ಸುಳಿಯನ್ನ ಹತೋಟಿಗೆ ತರ್ತಾರೆ. ಆದ್ರೆ ಈ ನಷ್ಟ ಫ್ರೀಕ್ವೆನ್ಸಿಯ ವರ್ಗದಷ್ಟು ಏರುತ್ತೆ, ಅಂದ್ರೆ ಕ್ಷೇತ್ರದ ತೀವ್ರತೆ ಅಷ್ಟೇ ಇಟ್ಟು ಫ್ರೀಕ್ವೆನ್ಸಿ ಹತ್ತು ಪಟ್ಟು ಮಾಡಿದ್ರೆ ನಷ್ಟ ನೂರು ಪಟ್ಟು, ಸಾವಿರ ಪಟ್ಟು ಮಾಡಿದ್ರೆ ಹತ್ತು ಲಕ್ಷ ಪಟ್ಟು. ತಗಡನ್ನ ಎಷ್ಟು ಅಂತ ತೆಳ್ಳಗೆ ಮಾಡ್ತೀರಿ?

ಇಲ್ಲಿ ಫೆರೈಟ್ ಬೇರೆ ದಾರಿ ಹಿಡಿಯುತ್ತೆ, ಸುಳಿ ಸುತ್ತೋಕೆ ಜಾಗನೇ ಕೊಡಲ್ಲ. ಮ್ಯಾಂಗನೀಸ್-ಸತು ಫೆರೈಟಿನ ವಿದ್ಯುತ್ ತಡೆ ಕಬ್ಬಿಣಕ್ಕಿಂತ ಕೋಟಿಗಟ್ಟಲೆ ಪಟ್ಟು ಜಾಸ್ತಿ, ನಿಕಲ್-ಸತು ಫೆರೈಟಿನದ್ದು ಇನ್ನೂ ಮೇಲೆ, ಲಕ್ಷ ಕೋಟಿ ಪಟ್ಟಿನ ಲೆಕ್ಕ. ಹಾಗಾಗಿ ತಗಡು ಜೋಡಿಸೋ ತಾಪತ್ರಯ ಇಲ್ಲ, ಗಟ್ಟಿ ಗಡ್ಡೆನೇ ಕೋರ್ ಆಗುತ್ತೆ, ಬೇಕಾದ ಆಕಾರಕ್ಕೆ ಅಚ್ಚು ಹಾಕಿದ್ರೆ ಆಯ್ತು. 1930ರಲ್ಲಿ ಜಪಾನಿನ ಟೋಕಿಯೋ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಯೋಗೊರೊ ಕಾಟೊ ಮತ್ತೆ ತಾಕೇಶಿ ತಾಕೇಯಿ ಇದನ್ನ ಕಂಡುಹಿಡಿದ್ರು, ಅದನ್ನ ತಯಾರಿಸಿ ಮಾರೋಕೆ ಅಂತಾನೇ 1935ರಲ್ಲಿ ಶುರುವಾದ ಕಂಪನಿ ಇವತ್ತಿನ ಟಿಡಿಕೆ. ಕ್ಯಾಸೆಟ್ ಮೇಲೆ ಆ ಹೆಸರು ನೋಡಿದವರಿಗೆ ಅದರ ಬೇರು ಈ ಕಪ್ಪು ಕಲ್ಲಲ್ಲಿದೆ ಅಂತ ಗೊತ್ತಿರಲ್ಲ. ಆಮೇಲೆ 1940ರ ದಶಕದಲ್ಲಿ ನೆದರ್‌ಲ್ಯಾಂಡ್ಸಿನ ಫಿಲಿಪ್ಸ್ ಲ್ಯಾಬಲ್ಲಿ ಸ್ನೂಕ್ ಅನ್ನೋ ವಿಜ್ಞಾನಿ ಇದನ್ನ ಇನ್ನೂ ಹದಕ್ಕೆ ತಂದ್ರು, ಆತನ ಹೆಸರು ಮುಂದೆ ಮತ್ತೆ ಬರುತ್ತೆ.

ಕಬ್ಬಿಣದ ತುಕ್ಕಿಗೆ ಅಷ್ಟಾಗಿ ಇಲ್ಲದ ಕಾಂತತ್ವ ಫೆರೈಟಿಗೆ ಎಲ್ಲಿಂದ ಬಂತು ಅನ್ನೋದು ನನಗೆ ಇದರಲ್ಲಿ ಅತ್ಯಂತ ಇಷ್ಟವಾದ ಭಾಗ. ಫೆರೈಟ್ ಹರಳಿನ ಒಳಗೆ ಲೋಹದ ಅಯಾನುಗಳು ಕೂರೋಕೆ ಎರಡು ಥರದ ಜಾಗ ಇದೆ, ಎ ಮತ್ತೆ ಬಿ ಅಂತ ಕರೀತಾರೆ. ಒಂದೊಂದು ಅಯಾನೂ ಪುಟ್ಟ ಆಯಸ್ಕಾಂತ. ಎ ಜಾಗದಲ್ಲಿ ಇರೋವೆಲ್ಲ ಒಂದು ದಿಕ್ಕಿಗೆ ಮುಖ ಮಾಡಿದ್ರೆ ಬಿ ಜಾಗದಲ್ಲಿ ಇರೋವೆಲ್ಲ ಅದಕ್ಕೆ ನೇರ ಎದುರು ದಿಕ್ಕಿಗೆ, ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ಅದೇ ಕಥೆ. ಎರಡೂ ಸಮಬಲ ಆಗಿದ್ದಿದ್ರೆ ಬಂಡಿ ಇದ್ದಲ್ಲೇ ಇರ್ತಿತ್ತು, ಹೊರಗೆ ಕಾಂತತ್ವನೇ ಕಾಣಿಸ್ತಿರಲಿಲ್ಲ. ಆದ್ರೆ ಬಿ ಜಾಗಗಳು ಎ ಜಾಗಗಳ ಎರಡರಷ್ಟು ತುಂಬಿರ್ತವೆ, ಅದರ ಎಳೆತ ಜಾಸ್ತಿ, ಉಳಿದ ಎಳೆತವೇ ನಾವು ನೋಡೋ ಕಾಂತತ್ವ. ಇದನ್ನ 1948ರಲ್ಲಿ ಬಿಡಿಸಿ ಹೇಳಿದ್ದು ಫ್ರಾನ್ಸಿನ ಲೂಯಿ ನೀಲ್, ಫೆರಿಮ್ಯಾಗ್ನೆಟಿಸಂ ಅಂತ ಹೆಸರು ಕೊಟ್ಟಿದ್ದೂ ಅವರೇ, 1970ರಲ್ಲಿ ನೊಬೆಲ್ ಕೂಡ ಬಂತು.

ಈಗ ಒಂದು ವಿಚಿತ್ರ ನೋಡಿ. ಸತುವಿಗೆ ಕಾಂತತ್ವ ಅನ್ನೋದೇ ಇಲ್ಲ, ಆದ್ರೆ ಫೆರೈಟಿಗೆ ಸ್ವಲ್ಪ ಸತು ಸೇರಿಸಿದ್ರೆ ಕಾಂತತ್ವ ಜಾಸ್ತಿ ಆಗುತ್ತೆ! ಕಾರಣ ಏನಂದ್ರೆ ಸತು ಹೋಗಿ ಕೂರೋದು ಎ ಜಾಗದಲ್ಲಿ, ಅಂದ್ರೆ ಸೋಲೋ ಪಕ್ಷದಲ್ಲಿ. ಅಲ್ಲಿ ಎಳೀತಿದ್ದ ಕಬ್ಬಿಣದ ಜಾಗಕ್ಕೆ ಎಳೆಯಲಾಗದ ಸತು ಬಂದು ಕೂತ್ರೆ ಎದುರಾಳಿ ಇನ್ನೂ ದುರ್ಬಲ, ಉಳಿಯೋ ಎಳೆತ ಇನ್ನೂ ಜಾಸ್ತಿ. ಹಂಗಂತ ಸುರಿಯೋಕೆ ಆಗಲ್ಲ, ಎ ಮತ್ತೆ ಬಿ ನಡುವಿನ ಎಳೆದಾಟವೇ ಎಲ್ಲವನ್ನೂ ಸಾಲಾಗಿ ನಿಲ್ಲಿಸಿರೋದು, ಅದು ಸಡಿಲ ಆದ್ರೆ ಸ್ವಲ್ಪ ಬಿಸಿಗೇ ಸಾಲು ಚದುರಿ ಹೋಗುತ್ತೆ. ಹಂಗೆ ಚದುರೋ ಉಷ್ಣತೆಗೆ ಕ್ಯೂರಿ ಪಾಯಿಂಟ್ ಅಂತಾರೆ. ಕಬ್ಬಿಣಕ್ಕೆ ಅದು 770 ಡಿಗ್ರಿ, ಪವರ್ ಸಪ್ಲೈಗೆ ಬಳಸೋ ಫೆರೈಟಿಗೆ 200ರ ಆಸುಪಾಸು, ಪರ್ಮಿಯಬಿಲಿಟಿ (ಕಾಂತಕ್ಷೇತ್ರವನ್ನ ಒಳಗೆ ಹರಿಯೋಕೆ ಬಿಡೋ ಗುಣ) ತುಂಬಾ ಜಾಸ್ತಿ ಇರೋ ಕೆಲವು ಜಾತಿಗೆ 130 ಅಷ್ಟೇ. ಈ ದೌರ್ಬಲ್ಯವನ್ನೇ ಉಪಯೋಗ ಮಾಡಿಕೊಂಡಿರೋ ಸಾಧನ ರೈಸ್ ಕುಕ್ಕರ್. ತಳದಲ್ಲಿ 103 ಡಿಗ್ರಿ ಹತ್ತಿರ ಕ್ಯೂರಿ ಪಾಯಿಂಟ್ ಇರೋ ಹಾಗೆ ಹದ ಮಾಡಿದ ಫೆರೈಟ್ ತುಂಡು, ಅದಕ್ಕೆ ಅಂಟಿಕೊಂಡಿರೋ ಒಂದು ಆಯಸ್ಕಾಂತ. ನೀರು ಇರೋ ತನಕ ತಳ 100 ದಾಟಲ್ಲ, ನೀರು ಇಂಗಿದ ಕೂಡಲೇ ಬಿಸಿ ಏರುತ್ತೆ, ಫೆರೈಟ್ ತನ್ನ ಕಾಂತತ್ವ ಬಿಡುತ್ತೆ, ಸ್ಪ್ರಿಂಗ್ ಆಯಸ್ಕಾಂತವನ್ನ ಕೆಳಗೆ ಎಳೆಯುತ್ತೆ, ಟಕ್ ಅಂತ ಸ್ವಿಚ್ ಬೀಳುತ್ತೆ. ಒಂದೇ ಒಂದು ಸೆನ್ಸರ್ ಇಲ್ಲ, ಪ್ರೋಗ್ರಾಂ ಇಲ್ಲ, ತಣ್ಣಗಾದ್ರೆ ಮತ್ತೆ ಮೊದಲಿನಂಗೇ ಕೆಲಸಕ್ಕೆ ತಯಾರು.

ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬರೋದು ಮುಖ್ಯವಾಗಿ ಎರಡು ಜಾತಿ, ಮ್ಯಾಂಗನೀಸ್-ಸತು ಒಂದು, ನಿಕಲ್-ಸತು ಇನ್ನೊಂದು. ಮೊದಲನೆಯದರ ಪರ್ಮಿಯಬಿಲಿಟಿ ಸಾವಿರದಿಂದ ಹದಿನೈದು ಸಾವಿರದ ತನಕ ಹೋಗುತ್ತೆ, ಅಂದ್ರೆ ಖಾಲಿ ಗಾಳಿಗೆ ಹೋಲಿಸಿದ್ರೆ ಅಷ್ಟು ಪಟ್ಟು ಸಲೀಸಾಗಿ ಕಾಂತಕ್ಷೇತ್ರ ಒಳಗೆ ಹರಿಯುತ್ತೆ, ಆದ್ರೆ ಹೆಚ್ಚು ಕಮ್ಮಿ ಒಂದೆರಡು ಮೆಗಾಹರ್ಟ್ಜ್ ಆದ್ಮೇಲೆ ಅದರ ಆಟ ಮುಗಿಯುತ್ತೆ. ಎರಡನೆಯದರ ಪರ್ಮಿಯಬಿಲಿಟಿ ಹತ್ತರಿಂದ ಒಂದೆರಡು ಸಾವಿರ, ಆದ್ರೆ ನೂರಾರು ಮೆಗಾಹರ್ಟ್ಜ್ ತನಕ ಕೆಲಸಕ್ಕೆ ಬರುತ್ತೆ. ಪರ್ಮಿಯಬಿಲಿಟಿ ಜಾಸ್ತಿ ಬೇಕಂದ್ರೆ ಫ್ರೀಕ್ವೆನ್ಸಿ ಬಿಡಬೇಕು, ಫ್ರೀಕ್ವೆನ್ಸಿ ಬೇಕಂದ್ರೆ ಪರ್ಮಿಯಬಿಲಿಟಿ ಬಿಡಬೇಕು, ಈ ಕಟ್ಟುಪಾಡನ್ನ ಲೆಕ್ಕ ಹಾಕಿ ತೋರಿಸಿದ್ದೇ ಆಗ ಹೇಳಿದ ಸ್ನೂಕ್, ಅದಕ್ಕೆ ಸ್ನೂಕ್ ಲಿಮಿಟ್ ಅಂತಾನೇ ಹೆಸರು. ಕೈಗೆ ಸಿಕ್ಕಿದ ಕೋರ್ ಯಾವ ಜಾತಿ ಅಂತ ತಿಳಿಯೋಕೆ ಒಂದು ಸುಲಭ ಉಪಾಯ ಇದೆ: ಪೇಂಟ್ ಇಲ್ಲದ ಬರೀ ಮೈಗೆ ಮಲ್ಟಿಮೀಟರಿನ ಎರಡೂ ಪ್ರೋಬ್ ಒತ್ತಿ ಓಮ್ಸ್ ನೋಡಿ. ಕಿಲೋ ಓಮ್ ಲೆಕ್ಕದಲ್ಲಿ ಏನಾದ್ರೂ ತೋರಿಸಿದ್ರೆ ಬಹುತೇಕ ಮ್ಯಾಂಗನೀಸ್-ಸತು, ಏನೂ ತೋರಿಸ್ದೆ ಓಪನ್ ಅಂತ ಬಂದ್ರೆ ನಿಕಲ್-ಸತು. ಇನ್ನೊಂದು ಮಾತು, ಹಳೇ ಕಂಪ್ಯೂಟರ್ ಪವರ್ ಸಪ್ಲೈಯಲ್ಲಿ ಸಿಗೋ ಹಳದಿ ಮೈಗೆ ಒಂದು ಕಡೆ ಬಿಳಿ ಬಳಿದಿರೋ ರಿಂಗ್ ಫೆರೈಟ್ ಅಲ್ಲ, ಅದು ಕಬ್ಬಿಣದ ಪುಡಿಯನ್ನ ಅಂಟು ಹಾಕಿ ಒತ್ತಿದ್ದು. ಎಷ್ಟೋ ಜನ ಅದನ್ನ ತಂದು ಹೈ ಫ್ರೀಕ್ವೆನ್ಸಿ ಟ್ರಾನ್ಸ್‌ಫಾರ್ಮರ್ ಸುತ್ತಿ, ಅದು ಕಾದು ಕೆಂಡ ಆದಾಗ ಎಲ್ಲಿ ತಪ್ಪಾಯ್ತು ಅಂತ ತಲೆ ಕೆಡಿಸ್ಕೋತಾರೆ.

ಈಗ ಪವರ್ ಸಪ್ಲೈಗೆ ಬರೋಣ, ಫೆರೈಟಿನ ನಿಜವಾದ ದೊಡ್ಡ ಕೆಲಸ ಇರೋದು ಅಲ್ಲೇ. ಹಳೇ ಕಾಲದ ಬ್ಯಾಟರಿ ಎಲಿಮಿನೇಟರ್ ಕೈಯಲ್ಲಿ ಹಿಡಿದವರಿಗೆ ಅದರ ಭಾರ ನೆನಪಿರುತ್ತೆ, ಕೊಡ್ತಿದ್ದಿದ್ದು ನಾಲ್ಕೈದು ವ್ಯಾಟ್, ತೂಕ ಮಾತ್ರ ಇಟ್ಟಿಗೆ ಥರ. ಈಗ ಅದಕ್ಕಿಂತ ಚಿಕ್ಕ ಚಾರ್ಜರ್ 65 ವ್ಯಾಟ್ ಕೊಡುತ್ತೆ. ಯಾಕೆ ಅಂದ್ರೆ, ಟ್ರಾನ್ಸ್‌ಫಾರ್ಮರಿನ ಒಂದು ಸುತ್ತಿಗೆ ಸಿಗೋ ವೋಲ್ಟೇಜು ಮೂರು ವಿಷಯದ ಮೇಲೆ ನಿಂತಿದೆ, ಕೋರಿನ ದಪ್ಪ, ಅದರೊಳಗಿನ ಕಾಂತಕ್ಷೇತ್ರದ ತೀವ್ರತೆ, ಅದು ಸೆಕೆಂಡಿಗೆ ಎಷ್ಟು ಸಲ ತಿರುಗುತ್ತೆ ಅನ್ನೋದು. ತಿರುಗೋದು ಜಾಸ್ತಿ ಆದಷ್ಟೂ ದಪ್ಪ ಕಮ್ಮಿ ಸಾಕು. 50 ಹರ್ಟ್ಜಿಂದ 100 ಕಿಲೋಹರ್ಟ್ಜಿಗೆ ಹೋದ್ರೆ 2000 ಪಟ್ಟು. ಆದ್ರೆ ಪೂರ್ತಿ 2000 ಪಟ್ಟು ಲಾಭ ಕೈಗೆ ಬರಲ್ಲ, ತಗಡಿನ ಕೋರನ್ನ 1.5 ಟೆಸ್ಲಾ (ಟೆಸ್ಲಾ ಅಂದ್ರೆ ಕಾಂತಕ್ಷೇತ್ರದ ತೀವ್ರತೆಯ ಅಳತೆ) ತನಕ ಓಡಿಸಬಹುದಾದ್ರೆ ಫೆರೈಟನ್ನ ಆ ಫ್ರೀಕ್ವೆನ್ಸಿಯಲ್ಲಿ ಸುಮಾರು 0.2 ಟೆಸ್ಲಾದಲ್ಲೇ ನಿಲ್ಲಿಸಬೇಕು, ಅಲ್ಲಿ ಏಳೂವರೆ ಪಟ್ಟು ಕಳ್ಕೊಂಡ್ವಿ. 2000ವನ್ನ 7.5ರಿಂದ ಭಾಗಿಸಿದ್ರೆ ಸುಮಾರು 266. ಅಷ್ಟು ಕಳ್ಕೊಂಡ್ ಮೇಲೂ, ಸುತ್ತು ಅಷ್ಟೇ ಇಟ್ರೆ ಕೋರಿನ ಅಡ್ಡಳತೆ 266ರಲ್ಲಿ ಒಂದು ಪಾಲು ಸಾಕು ಅಂತ ಲೆಕ್ಕ. ನಿಜವಾದ ಡಿಸೈನಲ್ಲಿ ಸುತ್ತನ್ನೂ ಕಮ್ಮಿ ಮಾಡಿ ದಪ್ಪವನ್ನೂ ಕಮ್ಮಿ ಮಾಡಿ ಎರಡೂ ಕಡೆ ಹಂಚ್ಕೋತಾರೆ, ತಾಮ್ರಾನೂ ಉಳಿಯುತ್ತೆ.

ಈ 0.2 ಟೆಸ್ಲಾ ಮಿತಿ ಎಲ್ಲಿಂದ ಬಂತು? ಫೆರೈಟ್ ಒಳಗೆ ಎತ್ತು ಕೋಣ ಎದುರು ಬದುರು ಎಳೆಯೋದ್ರಿಂದ ಉಳಿಯೋ ಕಾಂತತ್ವ ಮೊದಲೇ ಕಮ್ಮಿ, ಸಾಲದ್ದಕ್ಕೆ ಒಳಗೆಲ್ಲ ಆಕ್ಸಿಜನ್ ಜಾಗ ಹಿಡಿದು ಕೂತಿದೆ. ಹಾಗಾಗಿ ಕಬ್ಬಿಣ 2 ಟೆಸ್ಲಾ ತನಕ ತಡ್ಕೊಂಡ್ರೆ ಮ್ಯಾಂಗನೀಸ್-ಸತು ಫೆರೈಟ್ ಕೋಣೆಯ ಉಷ್ಣತೆಯಲ್ಲಿ 0.5ರ ಹತ್ತಿರ ಭರ್ತಿ ಆಗಿಬಿಡುತ್ತೆ, 100 ಡಿಗ್ರಿಯಲ್ಲಿ 0.4ಕ್ಕಿಂತ ಕೆಳಗೆ ಇಳಿಯುತ್ತೆ. ಭರ್ತಿ ಆಗೋದಕ್ಕೇ ಸ್ಯಾಚುರೇಶನ್ ಅನ್ನೋದು. ಆಗ ಇಂಡಕ್ಟೆನ್ಸ್, ಅಂದ್ರೆ ಕರೆಂಟಿನ ಏರಿಳಿತವನ್ನ ತಡೆಯೋ ಕಾಯಿಲಿನ ಗುಣ, ದಢಾರನೆ ಕುಸಿಯುತ್ತೆ, ಕಾಯಿಲ್ ಬರೀ ತಂತಿ ಥರ ಆಗಿಬಿಡುತ್ತೆ, ಕರೆಂಟ್ ನೆಟ್ಟಗೆ ಮೇಲಕ್ಕೆ ಹೋಗಿ ಅದನ್ನ ಆನ್ ಆಫ್ ಮಾಡೋ ಟ್ರಾನ್ಸಿಸ್ಟರ್, ಅಂದ್ರೆ ಮಾಸ್ಫೆಟ್, ಕ್ಷಣದಲ್ಲಿ ಸುಟ್ಟು ಹೋಗುತ್ತೆ. ಇದರಲ್ಲಿ ಮೋಸ ಹೋಗೋದು ಎಲ್ಲಿ ಅಂದ್ರೆ, ಟೇಬಲ್ ಮೇಲೆ ತಣ್ಣಗೆ ಇರುವಾಗ ಫುಲ್ ಲೋಡ್ ಕೊಟ್ಟು ಐದು ನಿಮಿಷ ಓಡಿಸಿದ್ರೆ ಎಲ್ಲಾ ಸರಿ ಇರುತ್ತೆ, ಡಬ್ಬಿಯೊಳಗೆ ಮುಚ್ಚಿ ಒಂದು ಗಂಟೆ ಓಡಿಸಿದ್ರೆ ಢಂ ಅನ್ನುತ್ತೆ, ಯಾಕಂದ್ರೆ ಬಿಸಿ ಕೋರಿನ ಮಿತಿ ತಣ್ಣನೆ ಕೋರಿನ ಮಿತಿ ಅಲ್ಲ. ಡೇಟಾಶೀಟಲ್ಲಿ 25 ಡಿಗ್ರಿ ಅಂಕಿ ದೊಡ್ಡದಾಗಿ ಕಾಣುತ್ತೆ, ದಯವಿಟ್ಟು ಅದನ್ನ ನಂಬಿ ಡಿಸೈನ್ ಮಾಡ್ಬೇಡಿ, ಪಕ್ಕದ 100 ಡಿಗ್ರಿ ಅಂಕಿ ತಗೊಳ್ಳಿ.

ಸ್ಯಾಚುರೇಶನ್ ಆಗದಿದ್ರೂ 0.2ಕ್ಕೇ ನಿಲ್ಲಿಸೋಕೆ ಇನ್ನೊಂದು ಕಾರಣ ಕೋರ್ ನಷ್ಟ. ಕ್ಷೇತ್ರ ಒಂದು ಸಲ ತಿರುಗಿದಾಗಲೂ ಕೋರ್ ಒಳಗಿನ ಸಾಲುಗಳು ತಿರುಗಬೇಕು, ಅದಕ್ಕೆ ಸ್ವಲ್ಪ ಶಕ್ತಿ ಖರ್ಚು, ಅದು ಬಿಸಿ ಆಗುತ್ತೆ, ಸೆಕೆಂಡಿಗೆ ಲಕ್ಷ ಸಲ ತಿರುಗಿದ್ರೆ ಲಕ್ಷ ಸಲ ಖರ್ಚು. ಈ ನಷ್ಟ ತೀವ್ರತೆಯ ಜೊತೆ ಎರಡೂವರೆ ಘಾತದಷ್ಟು ಏರುತ್ತೆ ಅಂತ ಅಂದಾಜು ಇಟ್ಕೊಳ್ಳಿ, ಟೆಸ್ಲಾ ಅರ್ಧ ಮಾಡಿದ್ರೆ ನಷ್ಟ ಐದರಲ್ಲಿ ಒಂದು ಪಾಲಿಗಿಂತ ಕೆಳಗೆ. ಪವರ್ ಫೆರೈಟುಗಳಲ್ಲಿ, ಉದಾಹರಣೆಗೆ ಪಿಸಿ40, ಎನ್87, 3ಸಿ90 ಅಂತೆಲ್ಲ ಬರುತ್ತಲ್ಲ ಅವುಗಳಲ್ಲಿ, ತಯಾರಿಸುವಾಗಲೇ ಒಂದು ಚಂದದ ಕೆಲಸ ಮಾಡಿರ್ತಾರೆ: ನಷ್ಟ ಅತಿ ಕಮ್ಮಿ ಇರೋದು 80ರಿಂದ 100 ಡಿಗ್ರಿ ಹತ್ತಿರ ಬರೋ ಹಾಗೆ ಹದ ಮಾಡಿರ್ತಾರೆ. ಹಾಗಾಗಿ ಕೋರ್ ಬಿಸಿ ಏರ್ತಾ ಏರ್ತಾ ಅದರ ನಷ್ಟ ಕಮ್ಮಿ ಆಗಿ ತಾನಾಗೇ ಒಂದು ಕಡೆ ನಿಲ್ಲುತ್ತೆ. ಆ ಗಡಿ ದಾಟಿಸಿದ್ರೆ ಮಾತ್ರ ಉಲ್ಟಾ, ಬಿಸಿ ಆದಷ್ಟೂ ನಷ್ಟ, ನಷ್ಟ ಆದಷ್ಟೂ ಬಿಸಿ, ಅಲ್ಲಿಂದ ವಾಪಸ್ ಬರೋ ದಾರಿ ಇಲ್ಲ.

ಗ್ಯಾಪ್, ಅಂದ್ರೆ ಕೋರ್ ತುಂಡುಗಳ ನಡುವೆ ಉಳಿಯೋ ಸಂದಿನ ವಿಷಯ ಹೇಳಲೇಬೇಕು, ನಾನು ಪಾಠ ಕಲಿತಿದ್ದು ಇಲ್ಲೇ. ಕೆಟ್ಟುಹೋದ ಪವರ್ ಸಪ್ಲೈ ಒಂದರಿಂದ ಟ್ರಾನ್ಸ್‌ಫಾರ್ಮರ್ ಕಿತ್ತು, ಬಿಸಿ ಗಾಳಿ ಹೊಡೆದು ಅಂಟು ಮೆತ್ತಗೆ ಮಾಡಿ, ಎರಡು ಇ ಆಕಾರದ ಕೋರ್ ತುಂಡುಗಳನ್ನ ಒಡೀದೇ ಬಿಡಿಸಿ, ಹೊಸದಾಗಿ ಸುತ್ತಿ, ಮತ್ತೆ ಜೋಡಿಸಿದೆ. ಎಲ್‌ಸಿಆರ್ ಮೀಟರಲ್ಲಿ (ಇಂಡಕ್ಟೆನ್ಸ್ ಅಳೆಯೋ ಉಪಕರಣ) ನೋಡಿದ್ರೆ ಬರಬೇಕಾದ ಇಂಡಕ್ಟೆನ್ಸಿನ ಅರ್ಧ ಕೂಡ ಇಲ್ಲ. ಸುತ್ತು ಎಣಿಸೋದು ತಪ್ಪಾಯ್ತೇನೋ ಅಂತ ಪೂರ್ತಿ ಬಿಚ್ಚಿ ಮತ್ತೆ ಸುತ್ತಿದೆ, ಅಷ್ಟೇ ಬಂತು. ಕೊನೆಗೆ ಕೋರ್ ತುಂಡನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಎರಡು ತುಂಡು ಸೇರೋ ಕನ್ನಡಿಯಂಥ ಮುಖದ ಮೇಲೆ ಹಳೇ ವಾರ್ನಿಷಿನ ಒಂದು ತೆಳ್ಳನೆ ಪೊರೆ, ಬೆರಳಿಗೂ ಸರಿಯಾಗಿ ತಾಕಲ್ಲ ಅಷ್ಟು ತೆಳು. ತಿನ್ನರಲ್ಲಿ ಬಟ್ಟೆ ಅದ್ದಿ ಒರೆಸಿ ಜೋಡಿಸಿದ ಕೂಡಲೇ ಅಂಕಿ ಸರಿಯಾಗಿ ಬಂತು. ಲೆಕ್ಕ ಹಾಕಿದ್ರೆ ಇದು ಹಾಲಿಗೆ ಹುಳಿ ಹಿಂಡಿದಂಗೇ: ಕೋರಿನೊಳಗೆ ಕಾಂತಕ್ಷೇತ್ರ ಓಡೋ ದಾರಿ 100 ಮಿಲಿಮೀಟರ್, ಪರ್ಮಿಯಬಿಲಿಟಿ 2000 ಅಂತ ಇಟ್ಕೊಂಡ್ರೆ, ಆ ಇಡೀ ದಾರಿಯಲ್ಲಿ ಸಿಗೋ ತಡೆ 0.05 ಮಿಲಿಮೀಟರ್ ಗಾಳಿಯ ತಡೆಗೆ ಸಮ. ಅಂದ್ರೆ ತೆಳ್ಳನೆ ಕೂದಲೆಳೆಯಷ್ಟು ಸಂದು ಬಿಟ್ರೂ ಇಂಡಕ್ಟೆನ್ಸ್ ಅರ್ಧಕ್ಕೆ ಇಳಿಯುತ್ತೆ. ಅದಕ್ಕೇ ಆ ಮುಖವನ್ನ ಅಷ್ಟು ನುಣುಪಾಗಿ ಉಜ್ಜಿರ್ತಾರೆ, ಅದನ್ನ ಬೆರಳಲ್ಲಿ ಮುಟ್ಟದಿದ್ರೇ ಒಳ್ಳೇದು.

ಹಂಗಂತ ಗ್ಯಾಪ್ ಯಾವಾಗ್ಲೂ ಶತ್ರು ಅಲ್ಲ. ಚಾರ್ಜರುಗಳಲ್ಲಿ ಬರೋ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಬಿಚ್ಚಿದ್ರೆ ಕೋರಿನ ನಡುವಿನ ಕಾಲನ್ನ ಬೇಕಂತಲೇ ಸ್ವಲ್ಪ ಮೊಟಕು ಮಾಡಿರ್ತಾರೆ. ಅಲ್ಲಿ ಟ್ರಾನ್ಸ್‌ಫಾರ್ಮರ್ ಮೊದಲು ಶಕ್ತಿಯನ್ನ ತುಂಬಿಟ್ಕೊಂಡು ಆಮೇಲೆ ಆ ಕಡೆಗೆ ಕೊಡಬೇಕು, ಆ ಶಕ್ತಿಯ ಬಹುಪಾಲು ಇರೋದು ಫೆರೈಟಲ್ಲಿ ಅಲ್ಲ, ಆ ಸಣ್ಣ ಗಾಳಿಯ ಸಂದಿನಲ್ಲಿ! ಫೆರೈಟ್ ಅಲ್ಲಿ ಬರೀ ದಾರಿ ತೋರಿಸೋದು. ಗ್ಯಾಪ್ ಇರೋದ್ರಿಂದ ಜಾಸ್ತಿ ಕರೆಂಟಿಗೂ ಕೋರ್ ಭರ್ತಿ ಆಗಲ್ಲ. ರಿಪೇರಿ ಮಾಡುವಾಗ ಯಾರಾದ್ರೂ ಗ್ಯಾಪ್ ಇರೋ ಕೋರಿನ ಬದಲು ಗ್ಯಾಪ್ ಇಲ್ಲದ್ದು ಹಾಕಿದ್ರೆ, ನೋಡೋಕೆ ಎರಡೂ ಒಂದೇ ಥರ, ಆನ್ ಮಾಡಿದ ಕೂಡಲೇ ಮಾಸ್ಫೆಟ್ ಸುಡುತ್ತೆ.

ಕೇಬಲ್ ಮೇಲಿನ ಗಂಟಿನ ವಿಷಯ ಕೇಳೋರು ತುಂಬಾ ಜನ. ಅದರೊಳಗೆ ಸರ್ಕ್ಯೂಟ್ ಏನೂ ಇಲ್ಲ, ಬರೀ ಒಂದು ಫೆರೈಟ್ ಕೊಳವೆ, ಅದರ ತೂತಿನ ಮೂಲಕ ಕೇಬಲಿನ ಎಲ್ಲಾ ತಂತಿ ಒಟ್ಟಿಗೆ ಹೋಗಿರ್ತವೆ. ನಮಗೆ ಬೇಕಾದ ಕರೆಂಟ್ ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರುತ್ತೆ, ಎರಡರ ಕಾಂತಕ್ಷೇತ್ರ ಒಂದನ್ನೊಂದು ಹೊಡೆದು ಹಾಕುತ್ತೆ, ಫೆರೈಟಿಗೆ ಅದು ಗೊತ್ತೇ ಆಗಲ್ಲ. ಆದ್ರೆ ಕೇಬಲನ್ನ ಆಂಟೆನಾ ಮಾಡ್ಕೊಂಡು ಹೊರಗೆ ಹೋಗೋ ನಾಯ್ಸ್ ಎಲ್ಲಾ ತಂತಿಯಲ್ಲೂ ಒಂದೇ ದಿಕ್ಕಿಗೆ ಓಡುತ್ತೆ, ಅದು ಮಾತ್ರ ಫೆರೈಟಿಗೆ ಸಿಕ್ಕಿ ಬೀಳುತ್ತೆ. ಇಲ್ಲಿ ಒಂದು ಸೊಗಸಿದೆ. ಪವರ್ ಸಪ್ಲೈಯಲ್ಲಿ ಕೋರ್ ನಷ್ಟ ನಮಗೆ ಶನಿ, ಇಲ್ಲಿ ಅದೇ ನಷ್ಟ ನಮಗೆ ಬೇಕು. ಹತ್ತಾರು ಮೆಗಾಹರ್ಟ್ಜ್ ಮೇಲೆ ಫೆರೈಟ್ ಇಂಡಕ್ಟರ್ ಥರ ವರ್ತಿಸೋದು ಬಿಟ್ಟು ರೆಸಿಸ್ಟರ್ ಥರ ವರ್ತಿಸುತ್ತೆ, ನಾಯ್ಸನ್ನ ವಾಪಸ್ ಅಟ್ಟೋ ಬದಲು ಬಿಸಿ ಮಾಡಿ ತಿಂದುಬಿಡುತ್ತೆ, ಆ ಬಿಸಿ ಎಷ್ಟು ಕಮ್ಮಿ ಅಂದ್ರೆ ಕೈಗೆ ಗೊತ್ತಾಗಲ್ಲ. ಕ್ಲಿಪ್ ಮಾಡೋ ಥರದ್ದು ಸಿಕ್ರೆ ಕೇಬಲನ್ನ ಒಂದರ ಬದಲು ಎರಡು ಸಲ ತೂರಿಸಿ ಹಾಕಿ, ತಡೆ ಎರಡಲ್ಲ, ನಾಲ್ಕು ಪಟ್ಟಿನ ಹತ್ತಿರ ಬರುತ್ತೆ. ಸುತ್ತಿನ ವರ್ಗ.

ಬೋರ್ಡ್ ಮೇಲೆ ಬರೋ ಅಕ್ಕಿ ಕಾಳಿನಷ್ಟು ಚಿಕ್ಕ ಫೆರೈಟ್ ಬೀಡ್ ಕೂಡ ಇದೇ ಕೆಲಸಕ್ಕೆ, ಅದರ ಡೇಟಾಶೀಟಲ್ಲಿ 100 ಮೆಗಾಹರ್ಟ್ಜಲ್ಲಿ 600 ಓಮ್ ಅಂತೇನೋ ಬರೆದಿರ್ತಾರೆ, ಡಿಸಿಗೆ ಅದು ಒಂದು ಓಮಿಗಿಂತಲೂ ಕಮ್ಮಿ. ಆದ್ರೆ ಆ 600 ಅನ್ನೋದು ಡಿಸಿ ಕರೆಂಟ್ ಇಲ್ಲದೆ ಅಳೆದ ಅಂಕಿ. ಇಲ್ಲಿ ವಾಪಸ್ ಬರೋ ತಂತಿ ಜೊತೆಯಲ್ಲಿಲ್ಲ, ಹೋಗೋ ಕರೆಂಟೆಲ್ಲ ಕೋರನ್ನ ತುಂಬುತ್ತೆ, ರೇಟೆಡ್ ಕರೆಂಟ್ (ತಯಾರಕರು ಹೇಳಿರೋ ಗರಿಷ್ಠ ಕರೆಂಟ್) ಮುಟ್ಟೋಕೆ ತುಂಬಾ ಮೊದಲೇ ಅದರ ತಡೆ ಗಣನೀಯವಾಗಿ ಬಿದ್ದಿರುತ್ತೆ. ಇನ್ನೊಂದು, ಬೀಡ್ ಪಕ್ಕ ಒಳ್ಳೇ ಸೆರಾಮಿಕ್ ಕೆಪಾಸಿಟರ್ ಇಟ್ರೆ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಎರಡೂ ಸೇರಿ ಗಂಟೆ ಹೊಡೆದಂಗೆ ರಿಂಗ್ ಆಗಬಹುದು, ನಾಯ್ಸ್ ಕಮ್ಮಿ ಮಾಡೋಕೆ ಹೋಗಿ ಜಾಸ್ತಿ ಮಾಡಿದಂಗೆ. ಎಲ್ಲಾ ಪವರ್ ಲೈನಿಗೂ ಕಣ್ಣು ಮುಚ್ಕೊಂಡು ಬೀಡ್ ಹಾಕೋ ಅಭ್ಯಾಸ ನನಗೆ ಸರಿ ಅನ್ಸಲ್ಲ.

ಮೀಡಿಯಂ ವೇವ್ ರೇಡಿಯೋ ಒಳಗಿನ ಕಪ್ಪು ಕಡ್ಡಿ ನನ್ನ ಪಾಲಿಗೆ ಫೆರೈಟಿನ ಮೊದಲ ಪರಿಚಯ. ಮೀಡಿಯಂ ವೇವ್ ಅಲೆಯ ಉದ್ದ ನೂರಾರು ಮೀಟರ್, ಅದಕ್ಕೆ ತಕ್ಕ ಆಂಟೆನಾ ರೇಡಿಯೋ ಒಳಗೆ ಹಿಡಿಸಲ್ಲ, ಫೆರೈಟ್ ಕಡ್ಡಿ ಸುತ್ತಲಿನ ಕಾಂತಕ್ಷೇತ್ರವನ್ನ ತನ್ನೊಳಗೆ ಎಳ್ಕೊಂಡು ಅದರ ಮೇಲಿನ ಕಾಯಿಲಿಗೆ ಕೊಡುತ್ತೆ, ಅಂಗೈ ಉದ್ದದ ಕಡ್ಡಿ ಸಾಕಾಗುತ್ತೆ. ರೇಡಿಯೋವನ್ನ ಕೈಯಲ್ಲಿ ಹಿಡಿದು ಸುಮ್ನೆ ತಿರುಗಿಸ್ತಾ ಹೋಗಿ, ಒಂದು ಕಡೆ ಬಂದಾಗ ಸ್ಟೇಷನ್ ಮಾಯ ಆಗುತ್ತೆ, ಆಗ ಕಡ್ಡಿಯ ತುದಿ ನೇರ ಪ್ರಸಾರ ಕೇಂದ್ರದ ಕಡೆ ಮುಖ ಮಾಡಿದೆ ಅಂತ ಅರ್ಥ. ವೈರ್‌ಲೆಸ್ ಚಾರ್ಜಿಂಗಲ್ಲಿ ಫೋನಿನ ಕಾಯಿಲ್ ಹಿಂದೆ ಕಾಗದದಷ್ಟು ತೆಳುವಾದ ಫೆರೈಟ್ ಹಾಳೆ ಇರುತ್ತೆ, ಅಲ್ಲೂ ಕೆಲಸ ಇದೇ, 100 ಕಿಲೋಹರ್ಟ್ಜಿಂದ ಮೇಲೆ ಬರೋ ಕ್ಷೇತ್ರವನ್ನ ಬ್ಯಾಟರಿಯ ಲೋಹಕ್ಕೆ ಹೋಗಿ ಸುಳಿ ಹುಟ್ಟಿಸೋಕೆ ಬಿಡದೆ ಪಕ್ಕಕ್ಕೆ ತಿರುಗಿಸಿ ವಾಪಸ್ ಕಳಿಸೋದು.

ಇಲ್ಲಿ ತನಕ ಹೇಳಿದ್ದೆಲ್ಲ ಸಾಫ್ಟ್ ಫೆರೈಟ್, ಕಾಂತತ್ವ ಬಂದಷ್ಟೇ ಬೇಗ ಬಿಟ್ಟು ಕೊಡೋದು. ಹಾರ್ಡ್ ಫೆರೈಟ್ ಹಿಡಿದಿದ್ದು ಬಿಡಲ್ಲ. ಅದರಲ್ಲಿ ಬೇರಿಯಂ ಅಥವಾ ಸ್ಟ್ರಾನ್ಶಿಯಂ ಜೊತೆ ಕಬ್ಬಿಣ ಇರುತ್ತೆ, ಹರಳಿನ ಆಕಾರವೂ ಬೇರೆ, ಆರು ಮೂಲೆಯದ್ದು. ಸ್ಪೀಕರ್ ಹಿಂದಿನ ಕಪ್ಪು ಬಳೆ, ಫ್ರಿಜ್ ಬಾಗಿಲ ರಬ್ಬರ್ ಒಳಗಿನ ಆಯಸ್ಕಾಂತ, ಸಣ್ಣ ಡಿಸಿ ಮೋಟರ್ ಒಳಗಿನ ಕಮಾನು ಎಲ್ಲ ಇದೇ. ನಿಯೋಡೈಮಿಯಂಗೆ ಹೋಲಿಸಿದ್ರೆ ಇದರ ಬಲ ಮೂರರಲ್ಲಿ ಒಂದು ಪಾಲು, ಸುಮಾರು 0.4 ಟೆಸ್ಲಾ, ಆದ್ರೆ ತುಕ್ಕು ಹಿಡಿಯಲ್ಲ, ಮೊದಲೇ ಆಕ್ಸೈಡ್ ಆಗಿರೋದಕ್ಕೆ ಇನ್ನೇನು ತುಕ್ಕು ಹಿಡಿಯೋದು. ಸಾಮಾನ್ಯ ನಿಯೋಡೈಮಿಯಂ 80 ಡಿಗ್ರಿ ದಾಟಿದ್ರೆ ಬಲ ಕಳ್ಕೊಳ್ಳೋಕೆ ಶುರು ಮಾಡುತ್ತೆ, ಫೆರೈಟಿನ ಹಠ ಬಿಸಿ ಆದಷ್ಟೂ ಜಾಸ್ತಿ ಆಗುತ್ತೆ, ಅದಕ್ಕೆ ಹೆದರಿಕೆ ಇರೋದು ತೀರಾ ಚಳಿಯಲ್ಲಿ.

ಈ ಹಠ ಮತ್ತೆ ಸಡಿಲದ ನಡುವೆ ಇರೋ ಒಂದು ಜಾತಿ ಒಂದು ಕಾಲದಲ್ಲಿ ಕಂಪ್ಯೂಟರಿನ ನೆನಪೇ ಆಗಿತ್ತು. ಸಾಸಿವೆ ಗಾತ್ರದ ಫೆರೈಟ್ ಬಳೆಗಳು, ಒಂದೊಂದಕ್ಕೂ ಸಣ್ಣ ತಂತಿ ಪೋಣಿಸಿ ಬಲೆ ಥರ ನೇಯ್ದಿದ್ದು, ಕಾಂತತ್ವ ಒಂದು ದಿಕ್ಕಿಗೆ ಇದ್ರೆ ಸೊನ್ನೆ, ಇನ್ನೊಂದು ದಿಕ್ಕಿಗೆ ಇದ್ರೆ ಒಂದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವರ್ಲ್‌ವಿಂಡ್ ಕಂಪ್ಯೂಟರಿಗೆ 1953ರಲ್ಲಿ ಇದನ್ನ ಹಾಕಿದ್ರು, ಅಲ್ಲಿಂದ 1970ರ ದಶಕದ ತನಕ ಇದರದ್ದೇ ರಾಜ್ಯ. ಕರೆಂಟ್ ಹೋದ್ರೂ ನೆನಪು ಹೋಗ್ತಿರಲಿಲ್ಲ, ಆದ್ರೆ ಓದಿದ ಕೂಡಲೇ ಅಳಿಸಿ ಹೋಗ್ತಿತ್ತು, ಓದಿದ್ದನ್ನ ತಕ್ಷಣ ಮತ್ತೆ ಬರೀಬೇಕಿತ್ತು. ಪ್ರೋಗ್ರಾಂ ಕ್ರ್ಯಾಶ್ ಆದಾಗ ಈಗಲೂ ಕೋರ್ ಡಂಪ್ ಅಂತಾರಲ್ಲ, ಆ ಕೋರ್ ಈ ಬಳೆಯೇ. ಮೈಕ್ರೋವೇವ್ ಕಡೆ ಹೋದ್ರೆ ಫೆರೈಟಿನದ್ದು ಇನ್ನೊಂದು ಅವತಾರ, ಆಯಸ್ಕಾಂತ ಪಕ್ಕದಲ್ಲಿಟ್ಟ ಫೆರೈಟ್ ಬಿಲ್ಲೆ ಸಿಗ್ನಲ್ಲನ್ನ ಒಂದೇ ದಿಕ್ಕಿಗೆ ಸುತ್ತೋಕೆ ಬಿಡುತ್ತೆ, ರಡಾರಲ್ಲಿ ಒಂದೇ ಆಂಟೆನಾದಿಂದ ಕಳಿಸೋದೂ ಕೇಳೋದೂ ಸಾಧ್ಯ ಆಗೋದು ಈ ಸರ್ಕ್ಯುಲೇಟರಿಂದ. ಕರೆಂಟ್ ಹರಿಯೋ ಲೋಹ ಆಗಿದ್ದಿದ್ರೆ ಆ ಅಲೆ ಒಳಗೆ ಹೊಕ್ತಾನೇ ಇರಲಿಲ್ಲ.

ಮನೇಲಿ ಹಳೇ ಬೋರ್ಡ್ ಬಿದ್ದಿದ್ರೆ ಒಂದು ಕೋರ್ ತೆಗೆದು ನೀವೇ ನೋಡಿ. ಬಿಸಿ ಗಾಳಿಯಲ್ಲಿ ನಿಧಾನಕ್ಕೆ ಕಾಯಿಸಿ, ಎಳೀಬೇಡಿ, ಮೆತ್ತಗೆ ಅಲ್ಲಾಡಿಸಿ, ಬಿಸಿ ಇರುವಾಗ ತಣ್ಣನೆ ಕಬ್ಬಿಣದ ಮೇಲೆ ಇಟ್ರೆ ಸೀಳುತ್ತೆ. ಸೀಳಿದ ಕೋರ್ ಅಂಟಿಸಿದ್ರೆ ಆಗಲೇ ಹೇಳಿದ ಕೂದಲೆಳೆ ಗ್ಯಾಪ್ ಬಂದೇ ಬರುತ್ತೆ. ಮುಖ ಒರೆಸಿ, 10 ಸುತ್ತು ಸುತ್ತಿ, ಎರಡು ತುಂಡನ್ನ ಬೆರಳಲ್ಲಿ ಬಿಗಿಯಾಗಿ ಒತ್ತಿ ಹಿಡಿದು ಎಲ್‌ಸಿಆರ್ ಮೀಟರಲ್ಲಿ ಅಳೀರಿ. 200 ಮೈಕ್ರೋಹೆನ್ರಿ ಬಂತು ಅಂದ್ರೆ ಅದನ್ನ ಸುತ್ತಿನ ವರ್ಗ 100ರಿಂದ ಭಾಗಿಸಿ, ಒಂದು ಸುತ್ತಿಗೆ 2 ಮೈಕ್ರೋಹೆನ್ರಿ. ಆಮೇಲೆ ಆ ಕೋರಲ್ಲಿ ಏನೇ ಸುತ್ತೋದಿದ್ರೂ ಈ ಒಂದು ಅಂಕಿಯನ್ನ ಬೇಕಾದ ಸುತ್ತಿನ ವರ್ಗದಿಂದ ಗುಣಿಸಿದ್ರೆ ಸಾಕು. ಒತ್ತಿದ್ದ ಬೆರಳು ಸ್ವಲ್ಪ ಸಡಿಲ ಬಿಟ್ಟು ನೋಡಿ, ಮೀಟರಿನ ಅಂಕಿ ಕಣ್ಣೆದುರಿಗೇ ಜಾರಿ ಇಳಿಯುತ್ತೆ.